‘ಟೆಲಿ’ ಅನ್ನಬಹುದು, ಆದರೆ ‘ಆಫ್ ದ ಟೆಲಿ’ ಅನ್ನುವಾಗ ಹುಷಾರು

ಪ್ರಶ್ನೆ: ಸರ್, ನಮ್ಮೂರು ಹಾಸನ. ನರ್ಸಿಂಗ್ ಓದಿ ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ದೇನೆ. ಇಲ್ಲಿನ ಅಜ್ಜ ಅಜ್ಜಿಯರೆಲ್ಲ ಟಿವಿಗೆ ‘ಟೆಲಿ’ ಅಂತಾರೆ. ಮೊನ್ನೆ ನಾನೂ ಹಾಗೇ ಹೇಳೋಣ ಅಂತ, ಟಿವಿ ಆಫ್ ಮಾಡಲಾ ಅನ್ನೋಕೆ ‘ಆಫ್ ದ ಟೆಲಿ?’ ಅಂತ ಕೇಳಿದೆ. ಒಬ್ಬ ಅಜ್ಜಿ ಸುತ್ತಮುತ್ತ ನೋಡಿ ಇಂಗ್ಲಿಷಲ್ಲಿ ‘ಹೂ?’ (ಯಾರು?) ಅಂದರು, ಪಕ್ಕದವರೆಲ್ಲ ನಕ್ಕರು. ನಾನು ಈ ಪದ ಬಳಸಬಹುದಾ? ನಮ್ಮ ಬಾಯಲ್ಲಿ ನಾಟಕದ ಹಾಗೆ ಕೇಳಿಸುತ್ತಾ? ವಾಕ್ಯದಲ್ಲಿ ಹೇಗೆ ಕೂರಿಸಬೇಕು? ಮುಂದೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯುವುದಿದೆ, ಅದರಲ್ಲಿ ಬರೆದರೆ ಅಂಕ ಹೋಗುತ್ತಾ?

ಉತ್ತರ: ಆ ಅಜ್ಜಿ ನಿಮ್ಮನ್ನು ಗೇಲಿ ಮಾಡಿದ್ದಲ್ಲ. ‘ಯಾರು?’ ಅಂತ ನಿಜವಾಗಿಯೂ ಕೇಳಿದ್ದಾರೆ. ಬ್ರಿಟನ್ನಿನ ಮನೆಮಾತಲ್ಲಿ ‘ಆಫ್ ದ ಟೆಲಿ’ ಅಂದರೆ ‘ಟಿವಿಯಲ್ಲಿ ಬರ್ತಾರಲ್ಲ, ಅವರು’ ಅಂತ. ಅಂಗಡಿಯಲ್ಲಿ ಯಾರೋ ನಟ ಕಂಡರೆ ಅಲ್ಲಿನವರು ಪಕ್ಕದವರನ್ನು ತಿವಿದು ‘ಇಟ್ಸ್ ದಟ್ ಬ್ಲೋಕ್ ಆಫ್ ದ ಟೆಲಿ’ ಅಂತಾರೆ. ಟಿವಿಯಲ್ಲಿ ಬರೋ ಆ ಮನುಷ್ಯ ಕಣೇ, ಅನ್ನೋ ಹಾಗೆ. ಹಾಗಾಗಿ ನೀವು ‘ಆಫ್ ದ ಟೆಲಿ?’ ಅಂದಾಗ ಅಜ್ಜಿಗೆ ಕೇಳಿಸಿದ್ದು ‘ಟಿವಿಯಲ್ಲಿ ಬರೋರಾ?’ ಅಂತ. ಕೋಣೆಗೆ ಯಾರಾದರೂ ದೊಡ್ಡ ನಟರು ಬಂದರೇನೋ ಅಂತ ತಿರುಗಿ ನೋಡಿದ್ದಾರೆ, ಅಷ್ಟೆ.

ಈ ತಪ್ಪು ನಮ್ಮವರೆಲ್ಲರದ್ದು. ಕನ್ನಡದಲ್ಲಿ ನಾವು ಆನ್, ಆಫ್ ಎರಡಕ್ಕೂ ‘ಮಾಡು’ ಸೇರಿಸಿ ಕೆಲಸ ಮುಗಿಸುತ್ತೇವೆ. ಲೈಟ್ ಆಫ್ ಮಾಡು, ಫ್ಯಾನ್ ಆನ್ ಮಾಡು. ಅದನ್ನೇ ಇಂಗ್ಲಿಷಿಗೆ ತರುವಾಗ ‘ಮಾಡು’ ದಾರಿಯಲ್ಲೇ ಉದುರಿಹೋಗುತ್ತದೆ, ಬರೀ ‘ಆಫ್ ದ ಟಿವಿ’ ಉಳಿಯುತ್ತದೆ. ಬೆಂಗಳೂರಿನ ಆಫೀಸಲ್ಲಿ ಹೀಗೆ ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಲೀಡ್ಸ್‌ನಲ್ಲಿ ಅದಕ್ಕೆ ಬೇರೆ ಅರ್ಥವೇ ಇದೆ. ನೀವು ಕೇಳಬೇಕಿದ್ದದ್ದು ‘ಶಲ್ ಐ ಟರ್ನ್ ದ ಟೆಲಿ ಆಫ್?’ ಅಂತ. ‘ಟರ್ನ್ ಆಫ್ ದ ಟೆಲಿ’ ಅಂದರೂ ಸರಿ, ಎರಡೂ ನಡೆಯುತ್ತೆ. ‘ಟೆಲಿ’ ಜಾಗದಲ್ಲಿ ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಇರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅಂತ ಯಾರೂ ಹೇಳಲ್ಲ.

ಹಾಕೋದು ಮಾತ್ರ ನಮಗೆ ಸುಲಭ. ನಾವು ‘ಟಿವಿ ಹಾಕು’ ಅಂತೀವಿ, ಅವರೂ ‘ಪುಟ್ ದ ಟೆಲಿ ಆನ್’ ಅಂತಾರೆ. ಕೊನೆಯ ‘ಆನ್’ ನುಂಗಬೇಡಿ. ‘ಪುಟ್ ದ ಟಿವಿ’ ಅಂತ ನಿಲ್ಲಿಸಿದರೆ ‘ಎಲ್ಲಿ ಇಡಲಿ?’ ಅಂತ ಕೇಳ್ತಾರೆ.

ಇನ್ನು ಟಿವಿ‘ಯಲ್ಲಿ’. ಈ ‘ಅಲ್ಲಿ’ ನಮ್ಮನ್ನು ಇಂಗ್ಲಿಷ್‌ನ ‘ಇನ್’ ಕಡೆಗೆ ಎಳೆಯುತ್ತೆ. ‘ಇನ್ ದ ಟೆಲಿ’ ಅಂದರೆ ಡಬ್ಬದ ಒಳಗೆ ಅಂತಾಯ್ತು, ಸ್ಕ್ರೂ ವೈರು ಇರೋ ಜಾಗ. ಕಾರ್ಯಕ್ರಮ ಇರೋದು ‘ಆನ್ ದ ಟೆಲಿ’ ಅಥವಾ ‘ಆನ್ ಟೆಲಿ’. ಜೊತೆಗೆ ನಮ್ಮ ‘ಬರ್ತಿದೆ’ ಬೇರೆ. ‘ಟಿವಿಯಲ್ಲಿ ಏನು ಬರ್ತಿದೆ?’ ಅನ್ನೋದನ್ನ ‘ವಾಟ್ ಇಸ್ ಕಮಿಂಗ್ ಇನ್ ದ ಟಿವಿ?’ ಅಂತ ಮಾಡ್ತೀವಿ. ಅಲ್ಲಿ ಬರೋದೂ ಇಲ್ಲ, ಹೋಗೋದೂ ಇಲ್ಲ. ‘ವಾಟ್ಸ್ ಆನ್ ಟೆಲಿ?’ ಅಂದರೆ ಮುಗಿಯಿತು. ‘ಒಂದು ಸಿನಿಮಾ ಬರ್ತಿದೆ’ ಅನ್ನೋಕೆ ‘ದೇರ್ಸ್ ಎ ಫಿಲ್ಮ್ ಆನ್’. ‘ಬೆಳಗ್ಗೆಯಿಂದ ಟಿವಿ ಓಡ್ತಾನೇ ಇದೆ’ ಅನ್ನೋಕೆ ‘ದ ಟೆಲಿಸ್ ಬೀನ್ ಆನ್ ಆಲ್ ಡೇ’. ನೋಡಿ, ಎಲ್ಲಾ ಕಡೆ ಆ ಪುಟ್ಟ ‘ಆನ್’ ಒಂದೇ ಕೆಲಸ ಮಾಡ್ತಿದೆ. ಟೆಲಿ ಪದದ ಅರ್ಥ ಕಲಿಯೋಕೆ ಒಂದು ನಿಮಿಷ ಸಾಕು. ಕಷ್ಟ ಇರೋದೆಲ್ಲ ಅದರ ಅಕ್ಕಪಕ್ಕದ ಈ ಚಿಲ್ಲರೆ ಪದಗಳಲ್ಲಿ.

‘ದ’ ಬೇಕಾ ಬೇಡವಾ ಅಂತ ಜಾಸ್ತಿ ಜನ ಕೇಳ್ತಾರೆ. ‘ವಾಚ್ ಟೆಲಿ’, ‘ವಾಚ್ ದ ಟೆಲಿ’ ಎರಡೂ ಸರಿ. ‘ಆನ್ ಟೆಲಿ’, ‘ಆನ್ ದ ಟೆಲಿ’ ಎರಡೂ ಸರಿ. ಆದರೆ ಗೋಡೆ ಮೇಲಿರೋ ಆ ವಸ್ತುವಿನ ಬಗ್ಗೆ ಮಾತಾಡುವಾಗ ‘ದ’ ಬೇಕೇ ಬೇಕು. ‘ದ ಟೆಲಿಸ್ ಬ್ರೋಕನ್’ ಅನ್ನಬೇಕು, ‘ಟೆಲಿ ಇಸ್ ಬ್ರೋಕನ್’ ಅಂದರೆ ಕುಂಟುತ್ತೆ. ಹೊಸದು ಕೊಳ್ಳುವಾಗ ‘ಎ ನ್ಯೂ ಟೆಲಿ’, ಒಂದಕ್ಕಿಂತ ಹೆಚ್ಚಿದ್ದರೆ ‘ಟೆಲೀಸ್’. ರೇಡಿಯೋಗೆ ಮಾತ್ರ ಸಾಮಾನ್ಯವಾಗಿ ‘ಆನ್ ದ ರೇಡಿಯೋ’. ಯಾಕೆ ಹೀಗೆ ಅಂತ ನನ್ನ ವಿದ್ಯಾರ್ಥಿಗಳು ಕೇಳಿದರೆ ‘ಹಾಗೇ’ ಅಂತೀನಿ, ಬೇರೆ ಉತ್ತರ ಇಲ್ಲ.

ನಿಮ್ಮ ಲೀಡ್ಸ್ ಇರೋದು ಯಾರ್ಕ್‌ಶೈರ್ ಪ್ರಾಂತದಲ್ಲಿ ಆದ್ದರಿಂದ ಇನ್ನೊಂದು ತಮಾಷೆ ಇದೆ. ಆ ಕಡೆಯ ಹಳಬರು ‘ದ’ ಅನ್ನೋದನ್ನ ಪೂರ್ತಿ ಉಚ್ಚರಿಸಲ್ಲ. ಗಂಟಲಲ್ಲಿ ಒಂದು ಸಣ್ಣ ತಡೆ ಹಿಡಿದು ಮುಂದೆ ಹೋಗ್ತಾರೆ. ‘ಆನ್ ದ ಟೆಲಿ’ ನಿಮ್ಮ ಕಿವಿಗೆ ‘ಆನ್ಟ್ ಟೆಲಿ’ ಅಂತ ಬೀಳಬಹುದು. ‘ನಥಿಂಗ್’ ಬದಲು ‘ನೌಟ್’ ಅಂತಾರೆ, ‘ದೇರ್ಸ್ ನೌಟ್ ಆನ್ ಟೆಲಿ’ ಅಂದರೆ ಟಿವಿಯಲ್ಲಿ ನೋಡೋ ಅಂಥದ್ದು ಏನೂ ಇಲ್ಲ ಅಂತ. ಇದನ್ನೆಲ್ಲ ಅರ್ಥ ಮಾಡಿಕೊಳ್ಳಿ ಸಾಕು, ಅನುಕರಿಸೋಕೆ ಹೋಗಬೇಡಿ. ‘ಟೆಲಿ’ ಹೇಳಿದರೆ ಯಾರಿಗೂ ನಾಟಕ ಅನ್ನಿಸಲ್ಲ, ಅದು ದೇಶಕ್ಕೆಲ್ಲ ಸೇರಿದ ಪದ. ಹಾಸನದವರು ಆರು ತಿಂಗಳಲ್ಲಿ ‘ನೌಟ್’ ಅನ್ನೋಕೆ ಶುರು ಮಾಡಿದರೆ ಸ್ವಲ್ಪ ನಾಟಕವೇ.

ಉಚ್ಚಾರದಲ್ಲಿ ಒಂದೇ ಎಚ್ಚರ. ಬರೆಯುವಾಗ ಎರಡು ಎಲ್ ಇವೆ ಅಂತ ನಮ್ಮವರು ‘ಟೆಲ್ಲಿ’ ಅಂತ ಒತ್ತು ಕೊಡ್ತಾರೆ. ಒತ್ತು ಬೇಡ. ‘ಟೆಲಿ’, ಹಗುರವಾಗಿ, ಜೆಲಿ ಬೆಲಿಗಳ ಪ್ರಾಸ. ಅಲ್ಲಿನವರು ನಮ್ಮ ದೆಹಲಿಯನ್ನ ‘ಡೆಲಿ’ ಅಂತಾರಲ್ಲ, ಅದೇ ತೂಕ. ಬಾಯಿ ಅಗಲಿಸಿ ‘ಟ್ಯಾಲಿ’ ಅಂದುಬಿಟ್ಟರೆ ಲೆಕ್ಕಪತ್ರದ ಮಾತಾಯ್ತು. ನಮ್ಮ ಬೆಂಗಳೂರಿನ ಕಂಪನಿಯ ಆ ಹೆಸರಿನ ಲೆಕ್ಕದ ಸಾಫ್ಟ್‌ವೇರ್ ಇಲ್ಲಿ ಅಂಗಡಿ ಅಂಗಡಿಯಲ್ಲೂ ಇರೋದರಿಂದ ನಮ್ಮ ನಾಲಿಗೆ ತಾನಾಗಿ ಆ ಕಡೆ ವಾಲುತ್ತೆ.

ಈಗ ನಿಮ್ಮ ಲೌಂಜ್‌ಗೆ ಬರೋಣ. ಸಂಜೆ ಹೊತ್ತು, ಗೋಡೆ ಪಕ್ಕ ಸಾಲಾಗಿ ಕುರ್ಚಿಗಳು, ಎದುರಿಗೆ ದೊಡ್ಡ ಟೆಲಿ, ಕೆಳಗೆ ಬಿದ್ದಿರೋ ರಿಮೋಟು. ಒಬ್ಬ ಅಜ್ಜ ಕೂಗ್ತಾರೆ, ‘ಟರ್ನ್ ಓವರ್, ಲವ್’. ಈ ‘ಲವ್’ ನಮ್ಮ ‘ಕಂದಾ’ ಅನ್ನೋ ಹಾಗೆ, ಅಷ್ಟೆ. ನೀವು ನರ್ಸಿಂಗ್ ಓದಿದವರು. ಟರ್ನ್ ಓವರ್ ಅಂದರೆ ನಿಮ್ಮ ತಲೆಗೆ ಮೊದಲು ಬರೋದು ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸೋದು, ಅಲ್ವಾ? ಅವರು ಹೇಳ್ತಿರೋದು ಚಾನೆಲ್ ಬದಲಿಸು ಅಂತ. ಹಳೇ ಸೆಟ್ಟುಗಳಲ್ಲಿ ಗುಂಡಿ ಹಿಡಿದು ತಿರುಗಿಸಿ ಚಾನೆಲ್ ಬದಲಿಸಬೇಕಿತ್ತು. ರಿಮೋಟ್ ಬಂದು ಎಷ್ಟೋ ಕಾಲವಾದರೂ ಅವರು ಇನ್ನೂ ‘ಟರ್ನ್’ ಮಾಡ್ತಾನೇ ಇದ್ದಾರೆ. ದನಿ ಜಾಸ್ತಿ ಮಾಡು ಅನ್ನೋಕೆ ‘ಟರ್ನ್ ಇಟ್ ಅಪ್’, ಕಮ್ಮಿ ಮಾಡು ಅನ್ನೋಕೆ ‘ಟರ್ನ್ ಇಟ್ ಡೌನ್’. ‘ಇನ್‌ಕ್ರೀಸ್ ದ ಸೌಂಡ್’ ತಪ್ಪಲ್ಲ, ಆದರೆ ಕೈಪಿಡಿ ಓದಿದ ಹಾಗಿರುತ್ತೆ.

ಅದೇ ಅಜ್ಜ ಮುಂದುವರಿದು ‘ವಾಟ್ಸ್ ಆನ್ ದ ಅದರ್ ಸೈಡ್?’ ಅಂತ ಕೇಳಬಹುದು. ಟಿವಿಯ ಹಿಂಭಾಗದಲ್ಲಿ ಏನಿದೆ ಅಂತ ನೋಡೋಕೆ ಹೋಗಬೇಡಿ. ‘ಇನ್ನೊಂದು ಚಾನೆಲ್‌ನಲ್ಲಿ ಏನಿದೆ’ ಅಂತ ಅದರರ್ಥ. ಇದಕ್ಕೊಂದು ಕಾರಣ ಇದೆ. ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ 1936ರ ನವೆಂಬರ್ 2ಕ್ಕೆ ನಿಯಮಿತ ಟಿವಿ ಪ್ರಸಾರ ಶುರು ಮಾಡಿತು. 1939ರ ಸೆಪ್ಟೆಂಬರ್ 1ಕ್ಕೆ ಯುದ್ಧದ ಕಾರಣ ನಿಂತಿತು, 1946ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. 1955ರ ಸೆಪ್ಟೆಂಬರ್‌ನಲ್ಲಿ ಐಟಿವಿ ಬರುವವರೆಗೂ ಇದ್ದದ್ದು ಒಂದೇ ಚಾನೆಲ್. 1964ರಲ್ಲಿ ಬಿಬಿಸಿ ಎರಡನೇ ಚಾನೆಲ್ ತರುವ ತನಕ ಎರಡೇ. ಎರಡೇ ಇದ್ದಾಗ ‘ಈ ಕಡೆ’, ‘ಆ ಕಡೆ’ ಅಂದರೆ ಸಾಕಲ್ಲ. ನಿಮ್ಮ ಕೇರ್ ಹೋಮ್‌ನ ಅಜ್ಜ ಅಜ್ಜಿಯರು ಬೆಳೆದದ್ದು ಸರಿಯಾಗಿ ಆ ಕಾಲದಲ್ಲಿ. ಈಗ ನೂರಾರು ಚಾನೆಲ್ ಇದ್ದರೂ ಕೆಲವರ ಬಾಯಲ್ಲಿ ಇನ್ನೂ ಎರಡೇ ಕಡೆ.

ಮಾತು ಬೆಳೆಸೋಕೆ ಒಂದು ದಾರಿ ಬೇಕಾ? 1953ರ ಜೂನ್ 2ಕ್ಕೆ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ಟಿವಿಯಲ್ಲಿ ನೇರವಾಗಿ ಬಂತು. ಆ ದೇಶದಲ್ಲಿ 2 ಕೋಟಿಗೂ ಹೆಚ್ಚು ಜನ ನೋಡಿದರು, ಜಾಸ್ತಿ ಜನ ನೋಡಿದ್ದು ಬೇರೆಯವರ ಮನೆಯಲ್ಲಿ, ಯಾಕೆಂದರೆ ಆಗ ಎಲ್ಲರ ಮನೆಯಲ್ಲೂ ಸೆಟ್ ಇರಲಿಲ್ಲ. ಎಂಬತ್ತು ದಾಟಿದವರ ಹತ್ತಿರ ಸುಮ್ನೆ ‘ಡಿಡ್ ಯು ಹ್ಯಾವ್ ಎ ಟೆಲಿ ಫಾರ್ ದ ಕಾರೊನೇಷನ್?’ ಅಂತ ಕೇಳಿ ನೋಡಿ. ಯಾರ ಮನೆ, ಎಷ್ಟು ಜನ, ಯಾರು ನೆಲದ ಮೇಲೆ ಕೂತಿದ್ದರು ಅಂತ ಶುರುವಾಗುತ್ತೆ. ನಿಮ್ಮ ಇಂಗ್ಲಿಷ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಕ್ಲಾಸು ದುಡ್ಡು ಕೊಟ್ಟರೂ ಸಿಗಲ್ಲ.

‘ಸೀರಿಯಲ್’ ಅನ್ನೋ ಪದವನ್ನೂ ಬದಿಗಿಡಿ. ಅಲ್ಲಿ ಆ ಸದ್ದಿಗೆ ಮೊದಲು ನೆನಪಾಗೋದು ಬೆಳಗಿನ ತಿಂಡಿಗೆ ಹಾಲಲ್ಲಿ ಹಾಕಿಕೊಳ್ಳೋ ಧಾನ್ಯ. ವರ್ಷಗಟ್ಟಲೆ ಮುಗಿಯದ ಧಾರಾವಾಹಿಗೆ ಅವರು ‘ಸೋಪ್’ ಅಂತಾರೆ. ಅಮೆರಿಕದಲ್ಲಿ ಇಂಥ ಕಥೆಗಳು ರೇಡಿಯೋದಲ್ಲಿ ಬರುತ್ತಿದ್ದಾಗ ಸೋಪು ಮಾರುವ ಕಂಪನಿಗಳು ದುಡ್ಡು ಹಾಕುತ್ತಿದ್ದವು, ಹೆಸರು ಅಂಟಿಕೊಂಡಿತು. ‘ಕಾರೊನೇಷನ್ ಸ್ಟ್ರೀಟ್’ 1960ರ ಡಿಸೆಂಬರ್‌ನಲ್ಲಿ ಶುರುವಾಗಿ ಇನ್ನೂ ಮುಗಿದಿಲ್ಲ, ಮುದ್ದಾಗಿ ‘ಕೋರಿ’ ಅಂತಾರೆ. ‘ಈಸ್ಟ್‌ಎಂಡರ್ಸ್’ 1985ರದ್ದು. 1972ರಲ್ಲಿ ಶುರುವಾದ ‘ಎಮರ್‌ಡೇಲ್’ ನಿಮ್ಮ ಲೀಡ್ಸ್‌ನದ್ದೇ. ಅದರ ಹಳ್ಳಿಯ ಸೆಟ್ ಊರಾಚೆ ಹೇರ್‌ವುಡ್ ಎಸ್ಟೇಟ್‌ನಲ್ಲಿದೆ. ಲೌಂಜ್‌ನಲ್ಲಿ ಇದರ ಪಾತ್ರಗಳ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗೋದು ಕಷ್ಟ. ‘ಡು ಯು ವಾಚ್ ದ ಸೋಪ್ಸ್?’ ಅಂತ ಕೇಳಿ. ‘ಸೀ ದ ಸೋಪ್ಸ್’ ಬೇಡ. ನಮ್ಮಲ್ಲಿ ಎಲ್ಲದಕ್ಕೂ ‘ನೋಡು’ ಒಂದೇ, ಅವರಲ್ಲಿ ಕೂತು ನೋಡೋದು ‘ವಾಚ್’. ಯಾವುದೋ ಒಂದು ವಿಷಯ ಕಣ್ಣಿಗೆ ಬಿತ್ತು ಅನ್ನೋಕೆ ‘ಐ ಸಾ ಇಟ್ ಆನ್ ದ ಟೆಲಿ’ ಸರಿ. ‘ಐ ವಾಸ್ ಸೀಯಿಂಗ್ ಟಿವಿ’ ಸರಿಯಲ್ಲ.

ಟೆಲಿ ಕೆಟ್ಟಿತು ಅನ್ನೋಣ. ‘ಟಿವಿ ಗಾಟ್ ಸ್ಪಾಯಿಲ್ಡ್’ ಅಂದರೆ ಹಾಲು ಹುಳಿ ಬಂದ ಹಾಗೆ ಕೇಳಿಸುತ್ತೆ. ‘ದ ಟೆಲಿಸ್ ನಾಟ್ ವರ್ಕಿಂಗ್’ ಸಾಕು. ಅವರ ಬಾಯಲ್ಲಿ ‘ಇಟ್ಸ್ ಪ್ಯಾಕ್ಡ್ ಅಪ್’ ಅಥವಾ ‘ಇಟ್ಸ್ ಆನ್ ದ ಬ್ಲಿಂಕ್’ ಅಂತ ಬಂದರೆ ಅದೇ ಅರ್ಥ.

ಪದ ಬರೀ ಡಬ್ಬಕ್ಕೆ ನಿಂತಿಲ್ಲ ಅನ್ನೋದೂ ಗೊತ್ತಿರಲಿ. ‘ಇಟ್ ವಾಸ್ ಗುಡ್ ಟೆಲಿ’ ಅಂದರೆ ಕಾರ್ಯಕ್ರಮ ಚೆನ್ನಾಗಿತ್ತು ಅಂತ. ‘ಶಿ ವರ್ಕ್ಸ್ ಇನ್ ಟೆಲಿ’ ಅಂದರೆ ಆಕೆ ಟಿವಿ ಉದ್ಯಮದಲ್ಲಿದ್ದಾಳೆ ಅಂತ, ಇಲ್ಲಿ ಮಾತ್ರ ‘ಇನ್’ ಸರಿ ನೋಡಿ, ಮೇಲೆ ಬೇಡ ಅಂದದ್ದು ಇಲ್ಲಿ ಬೇಕು. ಭಾರತದ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ಹಿಡಿದುಕೊಂಡಿರೋದು ಈ ಬಾಲವನ್ನೇ. ನಮ್ಮ ಪತ್ರಿಕೆಗಳು ‘ಕಿರುತೆರೆ ನಟಿ’ ಅಂತ ಬರೆಯೋ ಕಡೆ ಅವು ‘ಟೆಲಿ ಆಕ್ಟ್ರೆಸ್’ ಅಂತ ಬರೆಯುತ್ತವೆ. ಮನೆಯಲ್ಲಿ ಮಾತ್ರ ಭಾರತದಲ್ಲಿ ಯಾರೂ ‘ಟೆಲಿ ಹಾಕು’ ಅನ್ನಲ್ಲ, ಟಿವಿಯೇ. ಬ್ರಿಟನ್ನಿನಲ್ಲಿ ಉಲ್ಟಾ, ಅಲ್ಲಿ ಅದು ಮೊದಲು ಸೋಫಾದ ಪದ. ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ನಡೆಯುತ್ತೆ. ಅಮೆರಿಕದವರಿಗೆ ಅರ್ಥ ಆಗುತ್ತೆ, ಆದರೆ ಹೇಳಲ್ಲ.

ಸೋಫಾದ ಪದ ಅಂದೆನಲ್ಲ, ಆ ಸೋಫಾದ ಪಕ್ಕ ಕೆಟಲ್ ಇದ್ದೇ ಇರುತ್ತೆ. ಜನಪ್ರಿಯ ಕಾರ್ಯಕ್ರಮ ಮುಗಿದ ಕೂಡಲೇ ದೇಶವೆಲ್ಲ ಎದ್ದು ಟೀಗೆ ನೀರು ಕಾಯಿಸುತ್ತೆ, ವಿದ್ಯುತ್ ಬೇಡಿಕೆ ಒಮ್ಮೆಲೇ ಜಿಗಿಯುತ್ತೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿ ವಿರುದ್ಧ ಪೆನಾಲ್ಟಿಯಲ್ಲಿ ಸೋತಿತು. ಮುಗಿದ ಮೇಲೆ ಬೇಡಿಕೆ ಸುಮಾರು 2,800 ಮೆಗಾವಾಟ್ ಏರಿತು. ಗ್ರಿಡ್‌ನವರು ಇಂಥ ಹೊತ್ತಿಗೆ ಅಂತಲೇ ಟಿವಿ ವೇಳಾಪಟ್ಟಿ ನೋಡಿಕೊಂಡು ಕೂರುತ್ತಿದ್ದರು. ನಿಮ್ಮ ಲೌಂಜ್‌ನಲ್ಲೂ ಸೋಪ್ ಮುಗಿದ ಕೂಡಲೇ ಎಲ್ಲರೂ ನಿಮ್ಮ ಮುಖ ನೋಡ್ತಾರೆ ಅಂದರೆ ವಿಷಯ ಇದೇ: ‘ಪುಟ್ ದ ಕೆಟಲ್ ಆನ್’.

ನಾಟಕದ ಹಾಗೆ ಕೇಳಿಸುತ್ತಾ ಅಂತ ಕೇಳಿದ್ರಿ. ಇಲ್ಲ. ಒಂದು ಪಕ್ಕದ ಮಾತು ಮಾತ್ರ ಹೇಳಲೇಬೇಕು. ಬ್ರಿಟನ್ನಿನವರಿಗೆ ಉದ್ದ ಪದ ಕತ್ತರಿಸಿ ಕೊನೆಗೆ ‘ಇ’ ಸೇರಿಸೋ ಚಟ ಇದೆ, ನಾವು ಲಕ್ಷ್ಮಿಯನ್ನ ಲಚ್ಚಿ ಮಾಡೋ ಹಾಗೆ. ಬ್ರೇಕ್‌ಫಾಸ್ಟ್ ‘ಬ್ರೆಕಿ’ ಆಗುತ್ತೆ, ಕಾರ್ಡಿಗನ್ ‘ಕಾರ್ಡಿ’, ನೈಟ್‌ಡ್ರೆಸ್ ‘ನೈಟಿ’, ಹ್ಯಾಂಡ್‌ಕರ್ಚೀಫ್ ‘ಹ್ಯಾಂಕಿ’. ಟೆಲಿಯೂ ಅದೇ ವಂಶ. ಆದರೆ ಎಲ್ಲವೂ ಒಂದೇ ಹದದವಲ್ಲ. ಟೆಲಿ, ಹ್ಯಾಂಕಿ, ಕಾರ್ಡಿ ದೊಡ್ಡವರು ದೊಡ್ಡವರ ಹತ್ತಿರ ಆಡೋ ಮಾತು. ‘ಬ್ರೆಕಿ’, ‘ಟಮಿ’ (ಹೊಟ್ಟೆ) ಅಂತ ಎಂಬತ್ತೈದರ ಅಜ್ಜಿಗೆ ಹಾಡೋ ದನಿಯಲ್ಲಿ ಹೇಳಿದರೆ ಮಗುವನ್ನ ಮುದ್ದು ಮಾಡಿದ ಹಾಗಾಗುತ್ತೆ. ಅವರಲ್ಲಿ ಕೆಲವರು ಮೇಷ್ಟ್ರಾಗಿದ್ದವರು, ಬ್ಯಾಂಕಲ್ಲಿ ದುಡಿದವರು. ಅದು ಅವರಿಗೆ ಚುಚ್ಚುತ್ತೆ. ಪ್ರೀತಿಯಿಂದಲೇ ಹೇಳಿದ್ದರೂ ಚುಚ್ಚುತ್ತೆ. ಹಾಗಾಗಿ ಟೆಲಿ ಧಾರಾಳವಾಗಿ ಹೇಳಿ, ಉಳಿದವನ್ನ ಅವರೇ ಹೇಳಿದ ಮೇಲೆ ಹೇಳಿ.

ಟಿವಿ ಅಂತಲೇ ಹೇಳಿದರೂ ತಪ್ಪೇನಿಲ್ಲ. ಅಲ್ಲಿನವರೂ ಅರ್ಧಕ್ಕರ್ಧ ಟಿವಿ ಅಂತಾರೆ. ‘ಟೆಲಿ’ ಬಾಯಿಗೆ ಬರದ ದಿನ ಬಲವಂತ ಮಾಡಬೇಡಿ.

ಬರವಣಿಗೆಗೆ ಬಂದರೆ ಕಥೆ ಬೇರೆ. ಕೇರ್ ನೋಟ್ಸ್‌ನಲ್ಲಿ ‘ಟೆಲಿ’ ಬೇಡ. ‘ಲೌಂಜ್‌ನಲ್ಲಿ ಟೆಲಿವಿಷನ್ ನೋಡಿದರು’ ಅನ್ನೋದನ್ನ ‘ವಾಚ್ಡ್ ಟೆಲಿವಿಷನ್ ಇನ್ ದ ಲೌಂಜ್’ ಅಂತ ಬರೆಯಿರಿ, ಟಿವಿ ಅಂದರೂ ನಡೆಯುತ್ತೆ. ಆ ನೋಟ್ಸ್ ನಾಳೆ ಡಾಕ್ಟರ್ ಓದಬಹುದು, ಮನೆಯವರು ಓದಬಹುದು, ತನಿಖೆಗೆ ಬಂದವರು ಓದಬಹುದು. ಐಇಎಲ್‌ಟಿಎಸ್ ರೈಟಿಂಗ್‌ನಲ್ಲೂ ಹಾಗೇ. ಪ್ರಬಂಧದಲ್ಲಿ ‘ಟೆಲಿವಿಷನ್’ ಅಂತ ಬರೆಯಿರಿ, ಮುಂದೆ ‘ದ’ ಹಾಕದೆ: ‘ಆನ್ ಟೆಲಿವಿಷನ್’. ಒಂದು ‘ಟೆಲಿ’ ಬಂದ ಮಾತ್ರಕ್ಕೆ ಯಾರೂ ಫೇಲ್ ಮಾಡಲ್ಲ, ಆದರೆ ಗಂಭೀರ ಪ್ರಬಂಧದ ನಡುವೆ ಅದು ಎದ್ದು ಕಾಣುತ್ತೆ. ಸ್ಪೀಕಿಂಗ್ ಪರೀಕ್ಷೆ ಮಾತುಕತೆಯೇ ಆದ್ದರಿಂದ ಅಲ್ಲಿ ಸಲೀಸಾಗಿ ಬಂದರೆ ಬರಲಿ. ಪರೀಕ್ಷಕರನ್ನ ಮೆಚ್ಚಿಸೋಕೆ ಅಂತ ತುರುಕಬೇಡಿ. ಅದರ ಜೊತೆ ‘ಇನ್ ದ ಟೆಲಿ’ ಬಂದುಬಿಟ್ಟರೆ ಇರೋ ಅಂಕವೂ ಹೋಗುತ್ತೆ.

ನೀವು ಕೇಳದಿದ್ದರೂ ಇದೊಂದು ಹೇಳ್ತೀನಿ, ಯಾಕೆಂದರೆ ಹೊಸದಾಗಿ ಹೋದವರು ಜಾಸ್ತಿ ಎಡವೋದು ಇಲ್ಲೇ. ನಿಮ್ಮ ಬಾಡಿಗೆ ರೂಮಿಗೆ ‘ಟಿವಿ ಲೈಸೆನ್ಸಿಂಗ್’ ಅಂತ ಒಂದು ಪತ್ರ ಬರಬಹುದು. ಮೋಸ ಅಂತ ಹರಿದು ಹಾಕಬೇಡಿ. ಅಲ್ಲಿ ಟಿವಿ ನೋಡೋಕೆ ಲೈಸೆನ್ಸ್ ಬೇಕು, 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಮಾಡಿದರು. ಯಾವುದೇ ಚಾನೆಲನ್ನು ನೇರ ಪ್ರಸಾರದ ಹೊತ್ತಿಗೇ ನೋಡಿದರೂ ಬೇಕು, ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್ ನೋಡಿದರೂ ಬೇಕು. ಟೆಲಿಯೇ ಇಲ್ಲ, ಮೊಬೈಲಲ್ಲಿ ನೋಡ್ತೀನಿ ಅಂದರೂ ಬಿಡಲ್ಲ. ಅಂದರೆ ನೀವು ಕನ್ನಡ ಚಾನೆಲ್ ಒಂದನ್ನು ಆ್ಯಪ್‌ನಲ್ಲಿ ಲೈವ್ ನೋಡಿದರೂ ಲೆಕ್ಕಕ್ಕೆ ಬರುತ್ತೆ. ಮುಗಿದುಹೋದ ಕಂತನ್ನು ಆಮೇಲೆ ಅದೇ ಆ್ಯಪ್‌ನಲ್ಲಿ ನೋಡಿದರೆ ಬೇಕಿಲ್ಲ. ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೂ ದಂಡ ಹಾಕಬಹುದು. ಮನೆ ಹಂಚಿಕೊಂಡಿದ್ದರೆ ಬಾಡಿಗೆ ಕರಾರು ತೆಗೆದು ನೋಡಿ. ಎಲ್ಲರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು. ರೂಮಿಗೊಂದು ಕರಾರು ಇದ್ದರೆ ನಿಮ್ಮದು ನಿಮಗೇ ಬೇಕಾಗಬಹುದು. ನೋಡೋದೇ ಇಲ್ಲ ಅಂದರೆ ಅವರ ವೆಬ್‌ಸೈಟಿಗೆ ಹೋಗಿ ‘ಬೇಕಿಲ್ಲ’ ಅಂತ ತಿಳಿಸಿಬಿಡಿ.